ಗಂಡೋ ಹೆಣ್ಣೋ? ಮರಿಮೀನುಗಳ ಮುಂದೆ ನಮ್ಮ ಕನ್ನಡ ತರಗತಿ

ಅಕ್ವೇರಿಯಂನಲ್ಲಿ ಸಾಕುವ ಸಿಕ್ಲಿಡ್ ಮೀನುಗಳು ದೊಡ್ಡವಾದ ಮೇಲೆ ಅವುಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಹೇಳುವುದು ಬಹಳಷ್ಟು ಜಾತಿಗಳಲ್ಲಿ ಅಂಥ ಕಷ್ಟದ ಕೆಲಸವಲ್ಲ. ಮರಿಗಳಾಗಿರುವಾಗ ಹೇಳುವುದು ಮಾತ್ರ ಬಲ್ಲವರಿಗೂ ಕಷ್ಟ. ಕನ್ನಡ ಕಲಿಸುವವರಿಗೂ ಕಲಿಯುವವರಿಗೂ ಈ ಉಸಾಬರಿ ಯಾಕೆ ಎಂದು ಓದುಗರು ಕೇಳಬಹುದು. ಕಳೆದ ವರ್ಷ ಚಿಕಾಗೋದ ಪಶ್ಚಿಮ ಉಪನಗರಗಳ ನಮ್ಮ ವಾರಾಂತ್ಯದ ತರಗತಿಯ ಹದಿನಾಲ್ಕು ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಏಳು ತಿಂಗಳು ಈ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದೆವು. ಪಾಠ ಕೆಟ್ಟಿತೆಂದು ಯಾವ ಪೋಷಕರೂ ದೂರಲಿಲ್ಲ. ಮೀನಿನ ನೆಪದಲ್ಲಿ ಮಕ್ಕಳು ಆಡಿದಷ್ಟು ಕನ್ನಡವನ್ನು ಪಠ್ಯಪುಸ್ತಕದ ನೆಪದಲ್ಲಿ ಆಡಿದ್ದು ನಮಗಂತೂ ನೆನಪಿಲ್ಲ.

ಸಿಕ್ಲಿಡ್ ಎಂದರೆ ಒಂದು ಮೀನಲ್ಲ, ಒಂದು ದೊಡ್ಡ ಕುಟುಂಬ. ಆಫ್ರಿಕಾ, ಮಡಗಾಸ್ಕರ್, ಮಧ್ಯ ಮತ್ತು ದಕ್ಷಿಣ ಅಮೆರಿಕ, ನಮ್ಮ ದಕ್ಷಿಣ ಭಾರತ ಮತ್ತು ಶ್ರೀಲಂಕಾದ ನೀರಿನಲ್ಲಿ ಇವುಗಳ ವಾಸ. ಅಂಗಡಿಯಲ್ಲಿ ಕಾಣುವ ಏಂಜಲ್ ಮೀನು, ಡಿಸ್ಕಸ್, ಆಸ್ಕರ್ ಎಲ್ಲವೂ ಇದೇ ವಂಶ. ಇಲ್ಲಿನ ದಿನಸಿ ಅಂಗಡಿಯ ಶೀತಲ ಪೆಟ್ಟಿಗೆಯಲ್ಲಿ ಸಿಗುವ ಟಿಲಾಪಿಯವೂ ಹೌದು, ಅಂದರೆ ನಮ್ಮೂರಿನ ಕೆರೆಗಳ ಜಿಲೇಬಿ ಮೀನು. ಆಫ್ರಿಕಾದ ಮಲಾವಿ ಸರೋವರವೊಂದರಲ್ಲೇ 700ಕ್ಕೂ ಹೆಚ್ಚು ಜಾತಿಯ ಸಿಕ್ಲಿಡ್‌ಗಳಿವೆ. ನಮ್ಮ ಕೈಗೆ ಬಂದದ್ದು ಆ ಸರೋವರದ ಮೀನು. ಸಾಕುವವರು ಅದನ್ನು ಕೆನ್ಯಿ ಎನ್ನುತ್ತಾರೆ.

ನಮ್ಮ ತರಗತಿ ನಡೆಯುವುದು ಬಾಡಿಗೆಯ ಕೋಣೆಯಲ್ಲಿ. ಭಾನುವಾರ ಮಧ್ಯಾಹ್ನ ಕಪ್ಪುಹಲಗೆ ಒರೆಸಿ, ಕುರ್ಚಿಗಳನ್ನು ಇದ್ದಂತೆ ಇಟ್ಟು ಹೊರಡಬೇಕು. ಅಲ್ಲಿ ಮೀನಿನ ಟ್ಯಾಂಕು ಇಡುವ ಮಾತೇ ಇಲ್ಲ. ಟ್ಯಾಂಕು ಇದ್ದದ್ದು ನೇಪರ್‌ವಿಲ್‌ನಲ್ಲಿ, ನಮ್ಮ ಒಬ್ಬ ವಿದ್ಯಾರ್ಥಿಯ ಮನೆಯ ಬೇಸ್‌ಮೆಂಟಿನಲ್ಲಿ. 55 ಗ್ಯಾಲನ್ನಿನ ಟ್ಯಾಂಕು, ಒಳಗೆ ಕಲ್ಲಿನ ಗುಡ್ಡೆ, ಒಂದು ಹಳದಿ ಮೀನು, ಆರು ನೀಲಿ ಮೀನು. ಮಿಷಿಗನ್ ಸರೋವರದಿಂದ ಬರುವ ಅಲ್ಲಿನ ನಲ್ಲಿ ನೀರು ಸ್ವಲ್ಪ ಗಡುಸು, ಸ್ವಲ್ಪ ಕ್ಷಾರೀಯ. ಕ್ಲೋರಿನ್ ತೆಗೆದರೆ ಮಲಾವಿಯ ಮೀನಿಗೆ ಒಗ್ಗುತ್ತದೆ. ಅಕ್ಟೋಬರಿನಲ್ಲಿ ಒಂದು ನೀಲಿ ಮೀನು ಊಟ ಬಿಟ್ಟಿತು. ಗಂಟಲು ಊದಿಕೊಂಡಂತಿತ್ತು. ಕಾಯಿಲೆಯೆಂದು ಹುಡುಗ ಅಳುಮುಖ ಮಾಡಿಕೊಂಡು ತರಗತಿಗೆ ಬಂದ. ಕಾಯಿಲೆಯಲ್ಲ, ಬಾಯ್ತುಂಬ ಮೊಟ್ಟೆ. ಈ ಜಾತಿಯಲ್ಲಿ ತಾಯಿ ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡೇ ಮರಿ ಮಾಡುತ್ತದೆ. ಸುಮಾರು ಮೂರು ವಾರ ಉಪವಾಸ. ಆಮೇಲೆ ಬಾಯಿಂದ ಮರಿಗಳು ಹೊರಬರುತ್ತವೆ. ಮನೆಯವರು ತಾಯಿಯನ್ನು ಬೇರೆ ಚಿಕ್ಕ ಟ್ಯಾಂಕಿಗೆ ಸೇರಿಸಿದ್ದರಿಂದ ಮರಿಗಳು ದೊಡ್ಡವರ ಬಾಯಿಗೆ ಬೀಳದೆ ಉಳಿದವು. ಎಣಿಸಿದರೆ ಹತ್ತೊಂಬತ್ತು.

ಹತ್ತೊಂಬತ್ತು ಮೀನನ್ನು ಒಂದೇ ಮನೆಯಲ್ಲಿ ಬೆಳೆಸಲಾಗದು. ಡೆಟ್ರಾಯಿಟ್ ಕಡೆ ಕ್ಯಾಂಟನ್‌ನಲ್ಲಿ ಕನ್ನಡ ಕಲಿಯುವ ಮಕ್ಕಳ ಒಂದು ಗುಂಪಿದೆ. ನಮ್ಮ ಮಕ್ಕಳು ಅವರಿಗೆ ತಿಂಗಳಿಗೊಂದು ಕನ್ನಡ ಕಾಗದ ಬರೆಯುವ ಪದ್ಧತಿ ಇಟ್ಟುಕೊಂಡಿದ್ದೇವೆ. ನವೆಂಬರಿನ ಕಾಗದದಲ್ಲಿ ನಮ್ಮವರು ದೊಡ್ಡ ಮನಸ್ಸು ಮಾಡಿ "ನಿಮಗೆ ಎಂಟು ಮೀನು ಕೊಡುತ್ತೇವೆ" ಎಂದು ಬರೆದೇಬಿಟ್ಟರು. ಅಲ್ಲಿಂದ ಬಂದ ಉತ್ತರದಲ್ಲಿ ಒಂದು ಷರತ್ತು ಇತ್ತು. ಅಲ್ಲಿ ಟ್ಯಾಂಕು ಕೊಡುವ ತಂದೆಯೊಬ್ಬರು ವಿಷಯ ತಿಳಿದವರು. ಕೆನ್ಯಿ ಗಂಡುಗಳು ಮಹಾ ಜಗಳಗಂಟರು, ಎಂಟರಲ್ಲಿ ಗಂಡು ಒಂದೇ ಇರಲಿ, ಹೆಚ್ಚೆಂದರೆ ಎರಡು, ಉಳಿದವು ಹೆಣ್ಣಿರಲಿ, ಇಲ್ಲವಾದರೆ ಒಂದನ್ನೊಂದು ಕೊಂದುಕೊಳ್ಳುತ್ತವೆ ಎಂದು ಅವರು ಬರೆಸಿದ್ದರು. ಇದು ಹೆದರಿಸಲು ಹೇಳಿದ ಮಾತಲ್ಲ. ಒಂದು ಗಂಡಿಗೆ ನಾಲ್ಕೈದು ಹೆಣ್ಣು ಇದ್ದರೆ ಅದರ ಅಟ್ಟಹಾಸ ಹಂಚಿಹೋಗುತ್ತದೆ, ಯಾವ ಒಂದು ಮೀನೂ ಪೂರಾ ಪೆಟ್ಟು ತಿನ್ನುವುದಿಲ್ಲ. ಹೀಗೆ ಗಂಡು ಹೆಣ್ಣಿನ ಲೆಕ್ಕ ನಮ್ಮ ತಲೆಗೆ ಬಂತು.

ಮಕ್ಕಳಿಗೆ ಮೊದಲು ಇದು ಬಹಳ ಸುಲಭವೆನಿಸಿತು. ನೀಲಿಯೆಂದರೆ ಗಂಡು! ಈ ದೇಶದಲ್ಲಿ ಹುಟ್ಟುವ ಮಗುವಿನ ಟೋಪಿಯಿಂದ ಹಿಡಿದು ಹುಟ್ಟುವ ಮುಂಚೆ ಕತ್ತರಿಸುವ ಕೇಕಿನವರೆಗೆ ಗಂಡಿಗೆ ನೀಲಿ, ಹೆಣ್ಣಿಗೆ ಗುಲಾಬಿ. ಕೆನ್ಯಿ ಮೀನು ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಇದರಲ್ಲಿ ಮರಿಗಳೆಲ್ಲ ನೀಲಿ, ಮೈಮೇಲೆ ಕಪ್ಪು ಪಟ್ಟೆ. ಹೆಣ್ಣು ಕೊನೆಯವರೆಗೂ ಹಾಗೆಯೇ ನೀಲಿ. ಗಂಡು ಬೆಳೆದ ಮೇಲೆ ನೀಲಿಯನ್ನು ಕಳಚಿ ಹಳದಿಯಾಗುತ್ತದೆ. ಮೊದಲು ಕಾಣುವುದು ಕೊಳೆಯಾದ ಹಳದಿ, ಹಾಲಿಗೆ ಅರಿಸಿನ ಬಿದ್ದು ಸರಿಯಾಗಿ ಕದಡದ ಹಾಗೆ. ಆಮೇಲೆ ಚಿನ್ನದ ಬಣ್ಣ. ಆದರೆ ಅದಕ್ಕೆ ಎರಡು ಇಂಚಾದರೂ ಬೆಳೆಯಬೇಕು, ಅಂದರೆ ತಿಂಗಳುಗಟ್ಟಲೆ ಕಾಯಬೇಕು. ಇನ್ನೂ ಒಂದು ತೊಡಕಿದೆ. ಟ್ಯಾಂಕಿನಲ್ಲಿ ಒಂದು ಬಲವಾದ ಗಂಡಿದ್ದರೆ ಉಳಿದ ಗಂಡುಗಳು ಹೆದರಿ ನೀಲಿಯಾಗಿಯೇ ಉಳಿಯುವುದುಂಟು. ಹಳದಿ ಮೀನು ಗಂಡು ಎಂದು ಸಾಮಾನ್ಯವಾಗಿ ಹೇಳಬಹುದು, ನೀಲಿ ಮೀನು ಹೆಣ್ಣು ಎಂದು ಅಷ್ಟು ಧೈರ್ಯವಾಗಿ ಹೇಳಲಾಗದು.

ಬೇರೆ ಜಾತಿಗಳಲ್ಲಿ ಹೇಗೆ ಎಂದು ಮಕ್ಕಳು ಗ್ರಂಥಾಲಯದ ಪುಸ್ತಕಗಳನ್ನು ತಂದು ಓದಿದರು. ಮಧ್ಯ ಅಮೆರಿಕದ ಕಾನ್ವಿಕ್ಟ್ ಎಂಬ ಪಟ್ಟೆ ಮೀನಿನಲ್ಲಿ ಬಣ್ಣ ಹೆಣ್ಣಿನದು. ಹೊಟ್ಟೆಯ ಪಕ್ಕ ಕಿತ್ತಳೆ ಹೊಳಪಿನ ಹುರುಪೆಗಳು, ಅದೂ ಸಾಕಷ್ಟು ಎಳೆಯ ವಯಸ್ಸಿನಲ್ಲೇ. ಗಂಡು ಗಾತ್ರದಲ್ಲಿ ದೊಡ್ಡದು, ಬಣ್ಣದಲ್ಲಿ ಸಪ್ಪೆ. ಪಶ್ಚಿಮ ಆಫ್ರಿಕಾದ ಕ್ರಿಬೆನ್ಸಿಸ್‌ನಲ್ಲೂ ಹೆಣ್ಣಿನ ಹೊಟ್ಟೆಯೇ ನೇರಳೆಹಣ್ಣಿನಂತೆ ಕೆಂಪಗೆ ಮಿಂಚುತ್ತದೆ. ಮಲಾವಿಯದೇ ಇನ್ನೊಂದು ಹೆಸರಾಂತ ಮೀನು ಹಳದಿ ಲ್ಯಾಬ್. ಅದರಲ್ಲಿ ಗಂಡೂ ಹಳದಿ, ಹೆಣ್ಣೂ ಹಳದಿ. ತಮಾಷೆಯೆಂದರೆ ಅದರ ಶಾಸ್ತ್ರೀಯ ಹೆಸರಿನ ಅರ್ಥ ನೀಲಿ. ಮೊದಲು ಹೆಸರಿಡುವಾಗ ಕಂಡದ್ದು ನೀಲಿ ಬಗೆ, ಮನೆಗಳಿಗೆ ಬಂದದ್ದು ಹಳದಿ ಬಗೆ.

ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಮಚ್ಚೆ ಮೀನುಗಳ ಕತೆ. ಮಲಾವಿಯ ಕೆಲವು ಜಾತಿಗಳಲ್ಲಿ ಕಿತ್ತಳೆ ಮೈಮೇಲೆ ಶಾಯಿ ಚೆಲ್ಲಿದಂಥ ಕಪ್ಪು ಮಚ್ಚೆಗಳಿರುವ ಮೀನು ಹುಟ್ಟುತ್ತದೆ. ಅದು ಬಹುಪಾಲು ಹೆಣ್ಣೇ. ಆ ಮಚ್ಚೆಯ ಜೀನು ಮತ್ತು ಹೆಣ್ಣಾಗಿಸುವ ಜೀನು ಒಂದೇ ವರ್ಣತಂತುವಿನಲ್ಲಿ ಅಕ್ಕಪಕ್ಕ ಕುಳಿತಿವೆಯೆಂದು ವಿಜ್ಞಾನಿಗಳು 2009ರಲ್ಲಿ ತೋರಿಸಿದರು. ಬಂಡೆಗಳ ನಡುವೆ ಆ ಮಚ್ಚೆ ಹೆಣ್ಣನ್ನು ಮರೆಮಾಡಿ ಕಾಪಾಡುತ್ತದೆ. ಅದೇ ಮಚ್ಚೆ ಗಂಡಿಗೆ ಬಂದರೆ ಅದರ ನೀಲಿ ಕೆಟ್ಟು ಹೆಣ್ಣನ್ನು ಒಲಿಸುವುದು ಕಷ್ಟ. ಅಂಥ ಗಂಡು ಅಪರೂಪ. ನಮ್ಮಲ್ಲಿ ಬೆಕ್ಕು ಸಾಕಿರುವ ಹುಡುಗಿಯೊಬ್ಬಳು ತಕ್ಷಣ ಹೇಳಿದಳು, ಮೂರು ಬಣ್ಣದ ಬೆಕ್ಕೂ ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ ಎಂದು. ಸರಿಯಾದ ಮಾತು. ಮರಿಯ ಮೈ ನೋಡಿಯೇ ಇಷ್ಟು ಭರವಸೆಯಿಂದ ಹೇಳಬಹುದಾದ ಸಂದರ್ಭ ಸಿಕ್ಲಿಡ್‌ಗಳಲ್ಲಿ ತೀರಾ ಕಡಿಮೆ. ನಮ್ಮ ಕೆನ್ಯಿಗಳಿಗೆ ಆ ಅನುಕೂಲವಿರಲಿಲ್ಲ.

ಇಷ್ಟರಲ್ಲಿ ವ್ಯಾಕರಣ ಅಡ್ಡ ಬಂತು. ಡಿಸೆಂಬರಿನ ಕಾಗದದಲ್ಲಿ ಒಬ್ಬಳು "ತಾಯಿ ಮೀನು ಬಂದಳು, ಊಟ ಮಾಡಿದಳು" ಎಂದು ಬರೆದಳು. ನಾವು ಕೆಂಪು ಶಾಯಿಯಲ್ಲಿ "ಬಂತು, ಮಾಡಿತು" ಎಂದು ತಿದ್ದಿದೆವು. ಅವಳು ಒಪ್ಪಲಿಲ್ಲ.

"ಟೀಚರ್, ಅವಳು ಗರ್ಲ್ ಅಲ್ವಾ? ಮರಿ ಹಾಕಿದಾಳೆ!"

"ಹೌದಮ್ಮ, ಹೆಣ್ಣೇ. ಆದರೂ ಕನ್ನಡದಲ್ಲಿ ಮೀನು ಬಂತು ಅಂತಲೇ ಅನ್ನೋದು. ಹಸು ಹಾಲು ಕೊಟ್ಟಿತು ಅಂತೀವಿ, ಕೊಟ್ಟಳು ಅನ್ನಲ್ಲ."

"ಹಾಗಾದ್ರೆ ಪಾಪು?"

ಒಳ್ಳೆಯ ಪ್ರಶ್ನೆ. ಮಗು ಅತ್ತಿತು, ಕೂಸು ನಕ್ಕಿತು, ಪಾಪು ಮಲಗಿತು. ತೊಟ್ಟಿಲಲ್ಲಿರುವ ಮನುಷ್ಯರ ಮಗುವನ್ನೂ ಕನ್ನಡ "ಅದು" ಎಂದೇ ಕರೆಯುತ್ತದೆ. ಹಾಗೆ ಕರೆದರೆ ಯಾರಿಗೂ ಅವಮಾನವಿಲ್ಲ, ಮುದ್ದೇ ಇದೆ. ಇಂಗ್ಲಿಷಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಸಾಕಿದ ಪ್ರಾಣಿಯನ್ನು "ಅದು" ಎಂದರೆ ವಸ್ತುವಿನ ಮಾತಾಡಿದಂತೆ ಕೇಳಿಸುತ್ತದೆ. ಕನ್ನಡದ "ಅದು" ಅಷ್ಟು ಬಡವಾದ ಪದವಲ್ಲ. ಬೆಳೆದ ಪ್ರಾಣಿಗಳಿಗೆ ನಮ್ಮಲ್ಲಿ ಹೆಸರು ಬೇರೆ ಬೇರೆ, ಕೋಣ ಮತ್ತು ಎಮ್ಮೆ, ಹುಂಜ ಮತ್ತು ಹೇಂಟೆ, ಟಗರು ಮತ್ತು ಕುರಿ. ಅವುಗಳ ಎಳೆಯ ಜೀವಕ್ಕೆ ಮಾತ್ರ ಒಂದೇ ಪದ, ಕರು ಅಥವಾ ಮರಿ. ಹೇಳಲೇಬೇಕಾದಾಗ ಹೆಂಗರು, ಹೋರಿಗರು ಎಂದು ಮುಂದೊಂದು ಗುರುತು ಸೇರಿಸುತ್ತೇವೆ. ಅಂದಿನಿಂದ ಬೇಸ್‌ಮೆಂಟಿನ ಮೀನಿನ ಪುಸ್ತಕದಲ್ಲಿ ಮಕ್ಕಳು "ಅದು" ಎಂದೇ ಬರೆದರು. ಆ ಹುಡುಗಿ ಮಾತ್ರ ತಾಯಿಮೀನಿಗೆ "ಅವಳು" ಎನ್ನುವುದನ್ನು ಬಿಡಲಿಲ್ಲ. ನಾವೂ ಮತ್ತೆ ತಿದ್ದಲಿಲ್ಲ.

ಜನವರಿ ಫೆಬ್ರವರಿಯಲ್ಲಿ ಚಿಕಾಗೋದ ಹೊರಗೆ ಏನಿರುತ್ತದೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ತಿಂಗಳಿಗೊಂದು ಭಾನುವಾರ ತರಗತಿ ಮುಗಿದ ಮೇಲೆ ನಾವೆಲ್ಲ ಆ ಬೆಚ್ಚನೆಯ ಬೇಸ್‌ಮೆಂಟಿನಲ್ಲಿ ಸೇರುತ್ತಿದ್ದೆವು. ಗುರುತುಗಳನ್ನು ಒಂದೊಂದಾಗಿ ಪರೀಕ್ಷಿಸಿದೆವು. ಹೊಟ್ಟೆಯ ಕೆಳಗೆ ಬಾಲದ ಹತ್ತಿರ ಇರುವ ಈಜುರೆಕ್ಕೆಯ ಮೇಲೆ ಗಂಡಿಗೆ ಮೊಟ್ಟೆಯಾಕಾರದ ಹಳದಿ ಚುಕ್ಕೆಗಳಿರುತ್ತವೆ. ಇವು ಸುಮ್ಮನೆ ಅಲಂಕಾರವಲ್ಲ. ಹೆಣ್ಣು ಮೊಟ್ಟೆಯಿಟ್ಟ ಕೂಡಲೇ ಅವನ್ನು ಬಾಯಿಗೆ ತುಂಬಿಕೊಳ್ಳುತ್ತದೆ. ಗಂಡಿನ ರೆಕ್ಕೆಯ ಚುಕ್ಕೆಗಳನ್ನೂ ಮೊಟ್ಟೆಯೆಂದು ಕಚ್ಚಲು ಹೋಗುತ್ತದೆ. ಆಗ ಗಂಡು ಬಿಡುವ ವೀರ್ಯ ಅದರ ಬಾಯಿ ಸೇರಿ ಅಲ್ಲಿನ ಮೊಟ್ಟೆಗಳು ಫಲಿಸುತ್ತವೆ. ಜರ್ಮನಿಯ ವೋಲ್ಫ್‌ಗ್ಯಾಂಗ್ ವಿಕ್ಲರ್ ಎಂಬ ವಿಜ್ಞಾನಿ 1962ರಲ್ಲಿ ಕೊಟ್ಟ ವಿವರಣೆ ಇದು. ಕೇಳಿ ಮಕ್ಕಳು ಬಾಯಿ ತೆರೆದುಕೊಂಡು ಕೂತರು. ಆದರೆ ಗುರುತಾಗಿ ಇದನ್ನು ಪೂರಾ ನಂಬುವಂತಿಲ್ಲ. ಹೆಣ್ಣುಗಳಲ್ಲೂ ಮಸುಕಾದ ಒಂದೋ ಎರಡೋ ಚುಕ್ಕೆ ಇರುವುದುಂಟು. ಬೆನ್ನಿನ ರೆಕ್ಕೆಯ ತುದಿ ಗಂಡಿಗೆ ಚೂಪು, ಹೆಣ್ಣಿಗೆ ಗುಂಡು ಎನ್ನುತ್ತಾರೆ. ಒಂದೂವರೆ ಇಂಚಿನ ಮರಿಗಳಲ್ಲಿ ಎಲ್ಲವೂ ಒಂದೇ ಥರ ಕಂಡವು. ಗಂಡು ಬೇಗ ಬೆಳೆಯುತ್ತದೆ ಎಂದೂ ಹೇಳುತ್ತಾರೆ. ಹೆಚ್ಚು ತಿಂದ ಹೆಣ್ಣೂ ಬೇಗ ಬೆಳೆಯುತ್ತದಲ್ಲ!

ಉಳಿದದ್ದು ಹೊಟ್ಟೆಯಡಿಯ ರಂಧ್ರ ನೋಡುವ ವಿಧಾನ. ಬಲ್ಲವರು ಹೆಚ್ಚು ನಂಬುವುದು ಇದನ್ನೇ. ಕೈ ಒದ್ದೆ ಮಾಡಿಕೊಂಡು, ಮೀನನ್ನು ಒದ್ದೆ ಬಲೆಯಲ್ಲಿ ಹಿಡಿದು, ಕೆಲವೇ ಸೆಕೆಂಡು ಮಗುಚಿ ನೋಡಬೇಕು. ಅಲ್ಲಿ ಎರಡು ರಂಧ್ರಗಳಿರುತ್ತವೆ. ತಲೆಯ ಕಡೆಯದು ಮಲದ್ವಾರ, ಬಾಲದ ಕಡೆಯದು ಜನನದ್ವಾರ. ಎರಡೂ ಹೆಚ್ಚುಕಡಿಮೆ ಸಮ, ಚಿಕ್ಕವು ಎಂದರೆ ಗಂಡು. ಹಿಂದಿನದು ಮುಂದಿನದಕ್ಕಿಂತ ದೊಡ್ಡದು, ಅಗಲ ಎಂದರೆ ಹೆಣ್ಣು. ಮೊಟ್ಟೆ ಹೊರಬರಬೇಕಲ್ಲ. ಮಕ್ಕಳು ಕಿಸಿಕಿಸಿ ನಕ್ಕರು. ನಾವು ನಗದೆ ಎರಡು ಪದಗಳನ್ನೂ ಕಪ್ಪುಹಲಗೆಯ ಮೇಲೆ ಬರೆದು ಕಾಗುಣಿತ ಹೇಳಿಸಿದೆವು, ನಗು ನಿಂತಿತು. ಮೀನಿಗೆ ತೊಂದರೆಯಾಗದಿರಲೆಂದು ನೀರು ತುಂಬಿದ ಕಿರಿದಾದ ಪಾರದರ್ಶಕ ಡಬ್ಬಿಯಲ್ಲಿ ಬಿಟ್ಟು, ಕೆಳಗಿನಿಂದ ಫೋನಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ನೋಡುವ ಉಪಾಯ ಎಂಟನೇ ತರಗತಿಯ ಹುಡುಗನದು. ಬಹಳ ಒಳ್ಳೆಯ ಉಪಾಯ. ಆದರೂ ಎರಡು ಇಂಚಿನ ಒಳಗಿನ ಮೀನಿನಲ್ಲಿ ಆ ರಂಧ್ರಗಳು ಸೂಜಿಮೊನೆಯಷ್ಟೇ. ಫೆಬ್ರವರಿಯಲ್ಲಿ ಒಂದೇ ಚಿತ್ರವನ್ನು ನೋಡಿ ಏಳು ಮಂದಿ ಗಂಡೆಂದರು, ಏಳು ಮಂದಿ ಹೆಣ್ಣೆಂದರು.

ಮಾರ್ಚಿನಲ್ಲಿ ನಮ್ಮ ಹತ್ತೊಂಬತ್ತು ಹದಿನೇಳಾಗಿದ್ದವು. ಒಂದು ಹುಟ್ಟಿದ ವಾರದಲ್ಲೇ ಸತ್ತಿತ್ತು. ಇನ್ನೊಂದು ಸತ್ತದ್ದು ಪೆಟ್ಟು ತಿಂದು. ಹಳದಿಗೆ ತಿರುಗುತ್ತಿದ್ದ ಒಂದು ಮರಿ ಇನ್ನೊಂದನ್ನು ಟ್ಯಾಂಕಿನ ಮೂಲೆಗೆ ಒತ್ತಿ ಒತ್ತಿ ಬಾಲವನ್ನು ಹರಿದುಹಾಕಿತ್ತು. ಬೆಳಿಗ್ಗೆ ಮನೆಯವರು ನೋಡುವಷ್ಟರಲ್ಲಿ ಮುಗಿದಿತ್ತು. ಕ್ಯಾಂಟನ್ನಿನವರ ಷರತ್ತು ಮಕ್ಕಳಿಗೆ ನಿಜವಾಗಿ ಅರ್ಥವಾದದ್ದು ಆವತ್ತು. ಕಲ್ಲುಗಳನ್ನು ಬದಲಿಸಿ ಜೋಡಿಸಿ, ಅಡಗಲು ಗೂಡುಗಳನ್ನು ಹೆಚ್ಚಿಸಿ, ಹಳದಿಯಾಗುತ್ತಿದ್ದ ಮರಿಯನ್ನು ಬೇರೆ ಟ್ಯಾಂಕಿಗೆ ಹಾಕಿದೆವು.

ಅದೇ ತಿಂಗಳು ಫಿಲ್ಟರಿನ ಸ್ಪಂಜು ತರಲು ಕೆಲವು ಮಕ್ಕಳೊಂದಿಗೆ ಒಂದು ಮೀನಿನ ಅಂಗಡಿಗೆ ಹೋಗಿದ್ದೆವು. ಅಲ್ಲಿ ಒಂದು ಟ್ಯಾಂಕಿನ ತುಂಬ ಪೀಕಾಕ್ ಸಿಕ್ಲಿಡ್ ಮರಿಗಳು. ನವಿಲಿನ ಹೆಸರಿಗೆ ತಕ್ಕಂತೆ ಈ ಜಾತಿಯ ಗಂಡು ಬೆಳೆದಾಗ ನೀಲಿ, ಕೆಂಪು, ಹೊನ್ನು ಎಲ್ಲ ಬಣ್ಣವೂ ಬರುತ್ತದೆ. ಹೆಣ್ಣು ಬೂದಿ ಬಣ್ಣ. ಮರಿಗಳೂ ಬೂದಿ ಬಣ್ಣವೇ ಇರಬೇಕು. ಆದರೆ ಅಲ್ಲಿನ ಒಂದೂವರೆ ಇಂಚಿನ ಮರಿಗಳೆಲ್ಲ ಥಳಥಳ ಹೊಳೆಯುತ್ತಿದ್ದವು. ಇಷ್ಟು ಎಳೆಯ ಮರಿಗಳೆಲ್ಲ ಒಟ್ಟಿಗೆ ಹೀಗೆ ಹೊಳೆದರೆ ಬಲ್ಲವರು ಅನುಮಾನಪಡುತ್ತಾರೆ. ಗಂಡಿನ ಹಾರ್ಮೋನು ಬೆರೆಸಿದ ಆಹಾರ ಹಾಕಿ ಹೆಣ್ಣಿಗೂ ಬಣ್ಣ ಬರಿಸುವ ವ್ಯಾಪಾರ ಲೋಕದಲ್ಲಿದೆ. ಮನೆಗೆ ತಂದ ಮೇಲೆ ಆ ಬಣ್ಣ ಮಾಸುತ್ತದೆ, ಆ ಹೆಣ್ಣುಗಳು ಮರಿ ಮಾಡದೆಯೂ ಹೋಗಬಹುದು. ಬಣ್ಣವಿಲ್ಲದ ಹೆಣ್ಣಿಗೆ ಬೆಲೆಯಿಲ್ಲ, ಆದ್ದರಿಂದ ಈ ಉಪಾಯ. ಟಿಲಾಪಿಯ ಸಾಕಣೆಯ ಕೊಳಗಳಲ್ಲೂ ಇದಕ್ಕೆ ಹತ್ತಿರದ ಕತೆಯೇ. ಹೆಣ್ಣು ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡು ಉಪವಾಸ ಕೂತರೆ ತೂಕ ಬರುವುದಿಲ್ಲ, ಮರಿ ತುಂಬಿಕೊಂಡರೆ ಕೊಳದಲ್ಲಿ ಎಲ್ಲ ಮೀನೂ ಸಣಕಲಾಗುತ್ತವೆ. ಅದಕ್ಕೆ ಮರಿಗಳಿಗೆ ಮೊದಲ ಮೂರು ನಾಲ್ಕು ವಾರ ಹಾರ್ಮೋನು ತಿನ್ನಿಸಿ ಎಲ್ಲವನ್ನೂ ಗಂಡಾಗಿಸುವ ಪದ್ಧತಿ ಅನೇಕ ದೇಶಗಳಲ್ಲಿದೆ.

ಅಂಗಡಿಯಿಂದ ಬಂದ ಹತ್ತು ವರ್ಷದ ಹುಡುಗಿ ಕಾರಿನಲ್ಲಿ ಸುಮ್ಮನೆ ಕೂತಿದ್ದವಳು, "ಟೀಚರ್, ಯಾಕೆ ಯಾರೂ ಹೆಣ್ಣು ಮೀನು ಬೇಕು ಅನ್ನಲ್ಲ?" ಎಂದಳು. ಕ್ಯಾಂಟನ್ನಿನವರು ಕೇಳಿದ್ದಾರಲ್ಲ ಎಂದೆವು. "ಅದು ಜಗಳ ಆಗಬಾರದು ಅಂತ" ಎಂದಳು. ಅದೂ ನಿಜವೇ.

ಈ ಮಾತು ಬೇಸ್‌ಮೆಂಟಿಗೂ ಬಂತು. ಆ ಮನೆಗೆ ಚನ್ನರಾಯಪಟ್ಟಣದ ಕಡೆಯಿಂದ ಅಜ್ಜಿ ಬಂದಿದ್ದರು. ಮಕ್ಕಳು ಡಬ್ಬಿ, ಫೋನು ಹಿಡಿದು ಪರದಾಡುವುದನ್ನು ಕುರ್ಚಿಯಲ್ಲಿ ಕೂತು ನೋಡುತ್ತಿದ್ದವರು ಒಂದು ದಿನ ಕೇಳಿದರು.

"ಅಲ್ರಪ್ಪಾ, ಗಂಡು ಹೆಣ್ಣು ಅಂತ ಈಗ್ಲೇ ತಿಳ್ಕೊಂಡು ಏನ್ ಮಾಡ್ತೀರಿ?"

ಮೊಮ್ಮಗ ಹೇಳಿದ: "ಬಣ್ಣ ಬರೋದನ್ನ ನಾವು ಇಟ್ಕೊಂಡು, ಮಿಕ್ಕಿದ್ದನ್ನ ಕೊಟ್ಬಿಡೋದು ಅಜ್ಜಿ."

"ಚೆನ್ನಾಗಿದೆ! ಕೊಟ್ಟಿಗೇಲಿ ಎಮ್ಮೆ ಗಂಡು ಕರು ಹಾಕಿದ್ರೆ ಮುಖ ಸಣ್ಣ ಮಾಡ್ಕೋತಾರೆ. ತೊಟ್ಟಿಲಲ್ಲಿ ಹೆಣ್ಣು ಮಲಗಿದ್ರೆ ಮುಖ ಸಣ್ಣ ಮಾಡ್ಕೋತಾರೆ. ಈಗ ಗಾಜಿನ ಪೆಟ್ಟಿಗೇಲೂ ಶುರುವಾಯ್ತಾ ಇದು?"

ಮಕ್ಕಳಿಗೆ ಕೊಟ್ಟಿಗೆ ಎಂದರೇನು ಎಂದು ಹೇಳಬೇಕಾಯಿತು. ತೊಟ್ಟಿಲಿನ ಮಾತನ್ನೂ ವಿವರಿಸಬೇಕಾಯಿತು, ಅದು ಅಷ್ಟು ಸುಲಭವಾಗಿರಲಿಲ್ಲ. ಭಾರತದ ಆಸ್ಪತ್ರೆಗಳಲ್ಲಿ ಸ್ಕ್ಯಾನಿಂಗ್ ಕೋಣೆಯ ಹೊರಗೆ, ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಅಪರಾಧ ಎಂಬ ಅರ್ಥದ ಫಲಕ ಇರುತ್ತದೆ. 1994ರಲ್ಲಿ ಅದಕ್ಕೆಂದೇ ಕಾನೂನು ಬಂತು. ಊರಿಗೆ ಹೋದಾಗ ಆ ಫಲಕವನ್ನು ಓದಿದ್ದ ಒಬ್ಬ ಹುಡುಗ ಇದ್ದ, ಅವನಿಗೆ ಅದರ ಅರ್ಥ ಗೊತ್ತಿರಲಿಲ್ಲ. ಇಲ್ಲಿ ಕೇಕ್ ಕತ್ತರಿಸಿ ಸಂಭ್ರಮಿಸುವ ವಿಷಯವನ್ನು ಅಲ್ಲಿ ಹೇಳಲೇಬಾರದೆಂದು ಕಾನೂನು ಮಾಡಬೇಕಾಯಿತೇಕೆ ಎಂದು ಕೇಳಿದ. ನಾವು ಇದ್ದದ್ದನ್ನು ಇದ್ದಂತೆ, ಆ ವಯಸ್ಸಿಗೆ ತಕ್ಕಷ್ಟು ಹೇಳಿದೆವು. ಕೆಲವು ಮಕ್ಕಳು ಮನೆಗೆ ಹೋಗಿ ತಂದೆತಾಯಿಯರನ್ನು ಮತ್ತೆ ಕೇಳಿದರಂತೆ. ಇಬ್ಬರು ತಾಯಂದಿರು ನಮಗೆ ಫೋನು ಮಾಡಿದರು, ದೂರಲು ಅಲ್ಲ, ತಮ್ಮ ಕತೆ ಹೇಳಲು.

ಮರು ಭಾನುವಾರ ಮಕ್ಕಳೇ ಒಂದು ನಿಯಮ ಬರೆದು ಟ್ಯಾಂಕಿಗೆ ಅಂಟಿಸಿದರು. ಕಾಗುಣಿತ ನಮ್ಮದು, ಮಾತು ಅವರದು. ಯಾವ ಮೀನನ್ನೂ ಬಣ್ಣವಿಲ್ಲವೆಂದು ಕೊಡುವುದಿಲ್ಲ, ಜಾಗವಿರುವ ಮನೆ ಸಿಕ್ಕಿದರೆ ಮಾತ್ರ ಕೊಡುತ್ತೇವೆ. ಅಜ್ಜಿ ಕನ್ನಡಕ ಹಾಕಿಕೊಂಡು ಓದಿ, ತಲೆಯಾಡಿಸಿ, ಮೇಲೆ ಹೋಗಿ ಎಲ್ಲರಿಗೂ ಕೋಡುಬಳೆ ತಂದರು.

ನಾವು ಓದಿ ತಿಳಿದದ್ದರಲ್ಲಿ ನಮ್ಮನ್ನು ಬಹಳ ಯೋಚನೆಗೆ ಹಚ್ಚಿದ ಸಂಗತಿ ಇನ್ನೊಂದಿದೆ. ದಕ್ಷಿಣ ಅಮೆರಿಕದ ಎಪಿಸ್ಟೊಗ್ರಾಮ ಎಂಬ ಪುಟ್ಟ ಸಿಕ್ಲಿಡ್‌ಗಳಲ್ಲಿ ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದನ್ನು ಮೊದಲ ಕೆಲವು ವಾರಗಳ ನೀರಿನ ಬಿಸಿಯೂ ನಿರ್ಧರಿಸುತ್ತದೆ. ನೀರು ಬೆಚ್ಚಗಿದ್ದರೆ ಗಂಡು ಹೆಚ್ಚು, ತಂಪಿದ್ದರೆ ಹೆಣ್ಣು ಹೆಚ್ಚು. ಜರ್ಮನಿಯ ಸಂಶೋಧಕರು 1996ರಲ್ಲಿ ಮೂವತ್ತಕ್ಕೂ ಹೆಚ್ಚು ಜಾತಿಗಳನ್ನು ಪರೀಕ್ಷಿಸಿ ಇದನ್ನು ತೋರಿಸಿದರು. ಕ್ರಿಬೆನ್ಸಿಸ್‌ನಲ್ಲಿ ನೀರಿನ ಹುಳಿ ಹೆಚ್ಚಿದರೆ ಗಂಡು ಹೆಚ್ಚು. ಅಂದರೆ ಅಂಥ ಜಾತಿಗಳ ಎಳೆ ಮರಿಯ ಮುಂದೆ ಭೂತಗನ್ನಡಿ ಹಿಡಿದು "ಗಂಡೋ ಹೆಣ್ಣೋ" ಎಂದು ಕೇಳಿದರೆ ಉತ್ತರ ಬಚ್ಚಿಟ್ಟುಕೊಂಡಿರುವುದಲ್ಲ, ಉತ್ತರ ಇನ್ನೂ ಹುಟ್ಟಿಯೇ ಇಲ್ಲ. ಆಗ "ಅದು" ಎಂಬುದು ಬರೀ ವ್ಯಾಕರಣದ ಮಾತಲ್ಲ, ವಾಸ್ತವವೂ ಹೌದು.

ಮತ್ತೆ ನಮ್ಮೂರಿನ ಸಿಕ್ಲಿಡ್‌ಗಳು! ಭಾರತಕ್ಕೇ ಸೇರಿದ ಸಿಕ್ಲಿಡ್‌ಗಳು ಮೂರೇ. ಒಂದು ಮಲಯಾಳಿಗಳ ಕರಿಮೀನ್, 2010ರಲ್ಲಿ ಕೇರಳದ ರಾಜ್ಯ ಮೀನಾದದ್ದು. ಇನ್ನೊಂದು ಅಮೆರಿಕದ ಅಂಗಡಿಗಳಲ್ಲೂ ಸಿಗುವ ಕಿತ್ತಳೆ ಬಣ್ಣದ ಕ್ರೊಮೈಡ್. ಮೂರನೆಯದಂತೂ ಅಪ್ಪಟ ನಮ್ಮದು. ದಕ್ಷಿಣ ಕನ್ನಡದ ನದಿಗಳಲ್ಲಿ ಮಾತ್ರ ಇರುವ ಮೀನು, ನೇತ್ರಾವತಿ ಮತ್ತು ಕುಮಾರಧಾರೆ ಅದರ ತವರು. ಫ್ರಾನ್ಸಿಸ್ ಡೇ 1877ರಲ್ಲಿ ಇದನ್ನು ವರ್ಣಿಸಿ ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು ಹೆಸರಿಟ್ಟರು, ನಮ್ಮ ಕೆನರಾದ ಹೆಸರು. ಈಗ ಇದು ಅಳಿವಿನಂಚಿನ ಮೀನುಗಳ ಪಟ್ಟಿಯಲ್ಲಿದೆ. ಈ ಮೂರರಲ್ಲೂ ಗಂಡು ಹೆಣ್ಣು ನೋಡಲು ಒಂದೇ ಥರ, ದೊಡ್ಡವಾದ ಮೇಲೂ ಅಷ್ಟೇ. ಮೊಟ್ಟೆಯಿಡುವ ಹೊತ್ತಿನಲ್ಲಿ ಹೊಟ್ಟೆಯಡಿ ಪುಟ್ಟ ಕೊಳವೆ ಮೂಡುತ್ತದೆ. ಹೆಣ್ಣಿನದು ಮೊಂಡು, ಗಂಡಿನದು ಚೂಪು. ಆಗ ಮಾತ್ರ ಗೊತ್ತಾಗುತ್ತದೆ. ಕ್ರೊಮೈಡ್‌ನ ಸಂಸಾರವೂ ಬೇರೆ ರೀತಿ. ತಂದೆ ತಾಯಿ ಇಬ್ಬರೂ ಮೊಟ್ಟೆ ಕಾಯುತ್ತಾರೆ, ಇಬ್ಬರೂ ಮರಿ ನೋಡಿಕೊಳ್ಳುತ್ತಾರೆ, ಮರಿಗಳು ಇಬ್ಬರ ಮೈಯ ಲೋಳೆಯನ್ನೂ ಮೆಲ್ಲುತ್ತವೆ. ಹೆಣ್ಣನ್ನು ಮೆಚ್ಚಿಸಲು ಗಂಡು ಬಣ್ಣ ಬಳಿದುಕೊಳ್ಳಬೇಕಾದದ್ದು ಬಹುಮಟ್ಟಿಗೆ ಮಕ್ಕಳ ಹೊಣೆ ಪೂರಾ ತಾಯಿಯ ಬಾಯಿಗೆ ಬಿದ್ದ ಜಾತಿಗಳಲ್ಲಿ. "ನಮ್ಮೂರಿನ ಮೀನೇ ಒಳ್ಳೇದು" ಎಂ‍ದು ಅಜ್ಜಿ ತೀರ್ಪು ಕೊಟ್ಟರು. ತಂದೆಯಂದಿರು ಯಾರೂ ಎದುರಾಡಲಿಲ್ಲ.

ಮೇ ತಿಂಗಳಿಗೆ ಮರಿಗಳು ಎರಡೂವರೆ ಇಂಚು ದಾಟಿದವು. ಮೂರು ಹಳದಿಯಾಗಿದ್ದವು. ಉಳಿದ ಹದಿನಾಲ್ಕನ್ನು ಡಬ್ಬಿಯಲ್ಲಿ ಬಿಟ್ಟು, ಚಿತ್ರ ತೆಗೆದು, ಮೂವರು ಬೇರೆಬೇರೆಯಾಗಿ ನೋಡಿ, ಮೂವರೂ ಒಪ್ಪಿದರೆ ಮಾತ್ರ ಬರೆದುಕೊಳ್ಳುವುದೆಂದು ಗೊತ್ತುಮಾಡಿಕೊಂಡೆವು. ಹಾಗೆ ಎಂಟು ಹೆಣ್ಣೆಂದು ನಿಶ್ಚಯವಾಯಿತು. ಆರರ ವಿಷಯದಲ್ಲಿ ಒಮ್ಮತ ಬರಲಿಲ್ಲ. ನಾವು ಪುಸ್ತಕದಲ್ಲಿ ಮೂರು ಸಾಲು ಹಾಕಿದೆವು, ಗಂಡು, ಹೆಣ್ಣು, ಅದು. ಕ್ಯಾಂಟನ್ನಿಗೆ ಒಂದು ಗಂಡು, ಐದು ಹೆಣ್ಣು, ಎರಡು "ಅದು". ಆ ಎರಡು ಗಂಡಾಗಿ ತಿರುಗಿದರೆ ಬೇರೆ ಟ್ಯಾಂಕು ಸಿದ್ಧವಿದೆಯೇ ಎಂದು ಮೊದಲೇ ಕೇಳಿ, ಇದೆ ಎಂಬ ಉತ್ತರ ತರಿಸಿಕೊಂಡಿದ್ದೆವು.

ಪ್ರಯಾಣದ ಹಿಂದಿನ ದಿನ ಮೀನಿಗೆ ಊಟವಿಲ್ಲ, ನೀರು ಕೊಳೆಯಾಗಬಾರದಲ್ಲ. ಒಂದೊಂದು ಚೀಲದಲ್ಲಿ ಒಂದೊಂದು ಮೀನು, ಕಾಲು ಭಾಗ ನೀರು, ಮುಕ್ಕಾಲು ಭಾಗ ಗಾಳಿ, ಎಲ್ಲವೂ ಥರ್ಮೊಕೋಲ್ ಪೆಟ್ಟಿಗೆಯಲ್ಲಿ. ಎರಡು ವ್ಯಾನುಗಳಲ್ಲಿ ಸುಮಾರು ಐದು ಗಂಟೆಯ ದಾರಿ. ಕಲಮಜೂ ದಾಟುವಷ್ಟರಲ್ಲಿ ಪುಳಿಯೋಗರೆ ಖಾಲಿಯಾಗಿತ್ತು. ಮರುದಿನ ಎರಡೂ ಊರಿನ ಮಕ್ಕಳು ಸೇರಿ ಡೆಟ್ರಾಯಿಟ್‌ನ ಬೆಲ್ ಐಲ್ ಅಕ್ವೇರಿಯಂಗೆ ಹೋದೆವು. ಆಲ್ಬರ್ಟ್ ಕಾನ್ ವಿನ್ಯಾಸದ, 1904ರಲ್ಲಿ ತೆರೆದ ಕಟ್ಟಡ ಅದು. ಒಳಗಿನ ಚಾವಣಿಗೆ ಪೂರ್ತಿ ಹಸಿರು ಹೆಂಚು, ನೀರಿನಡಿ ನಿಂತಂತೆ ಭಾಸವಾಗುತ್ತದೆ. 2005ರಲ್ಲಿ ನಗರದ ಬಳಿ ಹಣವಿಲ್ಲದೆ ಮುಚ್ಚಿತ್ತು, ಸ್ವಯಂಸೇವಕರ ಶ್ರಮದಿಂದ 2012ರಲ್ಲಿ ಮತ್ತೆ ತೆರೆಯಿತು. ಪ್ರತಿ ಗಾಜಿನ ಮುಂದೆಯೂ ನಮ್ಮ ಮಕ್ಕಳು ಬಗ್ಗಿ ಹೊಟ್ಟೆಯಡಿ ನೋಡುತ್ತಿದ್ದರು. ಪಕ್ಕದಲ್ಲಿದ್ದ ಪ್ರವಾಸಿಗರು ಇವರೇನು ಹುಡುಕುತ್ತಿದ್ದಾರೆಂದು ತಾವೂ ಬಗ್ಗಿದರು.

ಆಗಸ್ಟಿನ ಒಂದು ಸಂಜೆ ಕ್ಯಾಂಟನ್ನಿನಿಂದ ಫೋನು ಬಂತು. ಅತ್ತ ಕಡೆ ಎಂಟು ವರ್ಷದ ಹುಡುಗಿ.

"ಟೀಚರ್, 'ಅದು' ಇದೆಯಲ್ಲ, ಎರಡನೇ 'ಅದು', ಏನೂ ತಿಂತಿಲ್ಲ. ಗಂಟಲು ದಪ್ಪ ಆಗಿದೆ."

ಯಾವತ್ತಿನಿಂದ ಎಂದು ಕೇಳಿದೆವು. ಮಂಗಳವಾರದಿಂದ ಎಂದಳು. ಕ್ಯಾಲೆಂಡರಿನಲ್ಲಿ ಮಂಗಳವಾರಕ್ಕೆ ಗುರುತು ಹಾಕಿ ಮೂರು ವಾರ ಎಣಿಸಲು, ಚಿಕ್ಕ ಟ್ಯಾಂಕಿಗೆ ಹಳೆಯ ಟ್ಯಾಂಕಿನ ನೀರನ್ನೇ ತುಂಬಿಸಿಡಲು ಹೇಳಿದೆವು. ಅವಳು ಎಲ್ಲವನ್ನೂ ಕನ್ನಡದಲ್ಲೇ ಬರೆದುಕೊಂಡು, ಒಮ್ಮೆ ಓದಿ ಒಪ್ಪಿಸಿ, ಫೋನು ಇಟ್ಟಳು.